ಬೋಲಪಟದ ಗುಣನಿರ್ಣಯ: ಅವಯವಗಳ ಎಣಿಕೆಯೋ, ಅವಯವಿಯ ದರ್ಶನವೋ?

ನಮ್ಮ ಸಂಘದ ಹೋದ ತಿಂಗಳ ಸಭೆಯಲ್ಲಿ ಉತ್ಸಾಹಿಗಳಾದ ಕೆಲವು ತರುಣ ಸದಸ್ಯರು ಒಂದು ಸೂಚನೆಯನ್ನು ಮಂಡಿಸಿದರು. ಈ ಪತ್ರಿಕೆಯಲ್ಲಿ ಇನ್ನು ಮುಂದೆ ಕನ್ನಡ ಬೋಲಪಟಗಳ ಪರೀಕ್ಷಣವೂ ಬರಬೇಕು. ಅದಕ್ಕಾಗಿ ಒಂದು ಕೋಷ್ಟಕವನ್ನು ಗೊತ್ತುಪಡಿಸಿ, ಕಥೆಗೆ ಇಷ್ಟು, ಅಭಿನಯಕ್ಕೆ ಇಷ್ಟು, ಛಾಯಾಗ್ರಹಣಕ್ಕೆ ಇಷ್ಟು, ಸಂಗೀತಕ್ಕೆ ಇಷ್ಟು, ಸಂಕಲನಕ್ಕೆ ಇಷ್ಟು ಎಂದು ಮಾರ್ಕುಗಳನ್ನು ಹಂಚಿ ಕೊನೆಗೆ ಕೂಡಿಸಿ ಬರೆದರೆ ಪಕ್ಷಪಾತಕ್ಕೆ ಎಡೆಯಿರದು ಎಂಬದು ಅವರ ಅಂಬೋಣ. ಪರೀಕ್ಷಣವು ಬರಬೇಕೆಂಬ ಮೊದಲಿನ ಮಾತಿಗೆ ನನ್ನ ಪೂರ್ಣ ಸಮ್ಮತಿಯುಂಟು. ೧೯೩೪ರಲ್ಲಿ 'ಸತಿ ಸುಲೋಚನಾ' ಎಂಬ ಮೊದಲ ಕನ್ನಡ ಬೋಲಪಟವು ತೆರೆಯ ಮೇಲೆ ಮಾತಾಡಿದಂದಿನಿಂದ ಇಂದಿನ ವರೆಗೆ ಈ ಕಲೆಯು ನಮ್ಮ ಹಳ್ಳಿಹಳ್ಳಿಗಳನ್ನೂ ಹೊಕ್ಕಿರುವಾಗ, ಸಾಹಿತ್ಯದವರಾದ ನಾವು ಅದರ ಕಡೆಗೆ ಬೆನ್ನು ತಿರುಗಿಸಿ ಕೂಡುವದು ಸಲ್ಲದು. ಎರಡನೆಯ ಮಾತನ್ನು ಮಾತ್ರ ನಾನು ಖಂಡಿಸಲೇಬೇಕಾಗಿದೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಗರ ಉತ್ತರಪತ್ರಿಕೆಗಳಿಗೆ ಮಾರ್ಕು ಹಾಕುತ್ತ ಬಂದವನೇ ಮಾರ್ಕಿನ ಕೋಷ್ಟಕವನ್ನು ಖಂಡಿಸುವದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಆ ಕೋಷ್ಟಕವು ಎಲ್ಲಿ ಸಲ್ಲುವದು, ಎಲ್ಲಿ ಸಲ್ಲದು ಎಂಬದನ್ನು ಅದರೊಡನೆ ಆಯುಷ್ಯ ಕಳೆದವನಿಗಿಂತ ಬಲ್ಲವರು ಯಾರು?

ನನ್ನ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಕೆಲವು ತಿಂಗಳ ಹಿಂದೆ ನಮ್ಮ ಭಾಗದ ಶಾಲೆಗಳ ಮಕ್ಕಳು ಮೊಬಾಯಿಲಿನಲ್ಲಿ ತೆಗೆದ ಹತ್ತು ಹತ್ತು ನಿಮಿಷಗಳ ಕಿರುಚಿತ್ರಗಳ ಸ್ಪರ್ಧೆಯೊಂದಕ್ಕೆ ನನ್ನನ್ನು ಪರೀಕ್ಷಕನನ್ನಾಗಿ ಕರೆದಿದ್ದರು. ಪರೀಕ್ಷಕರು ಮೂವರು, ಮೂವರ ಕೈಯಲ್ಲಿಯೂ ಐದು ಅಂಕಣಗಳ ಕೋಷ್ಟಕ, ಅಂಕಣಕ್ಕೆ ೨೦ ಮಾರ್ಕು. ಒಂದು ಚಿತ್ರದಲ್ಲಿ ಆಕಾಶದಿಂದ ತೆಗೆದ ಹಸುರು ಹೊಲಗಳ ನೋಟವಿತ್ತು, ಎಲ್ಲಿಂದಲೋ ತಂದ ಇಂಪಾದ ವಾದ್ಯವಿತ್ತು, ಮಾತುಗಳು ಸ್ಫುಟವಾಗಿದ್ದವು. ಕುಡುಕನೊಬ್ಬನು ಮಗನ ಒಂದೇ ಉಪದೇಶದಿಂದ ಸುಧಾರಿಸಿಬಿಡುವದೇ ಅದರ ಕಥೆ. ಇನ್ನೊಂದನ್ನು ಬೆಣ್ಣಿಹಳ್ಳದ ದಂಡೆಯ ಊರಿನ ಇಬ್ಬರು ಹುಡುಗಿಯರು ತೆಗೆದಿದ್ದರು. ಏಳನೆಯ ಇಯತ್ತೆ ಮುಗಿಸಿದವಳೊಬ್ಬಳು ನೆರೆಯೂರಿನ ಹೈಸ್ಕೂಲಿಗೆ ಹೋಗಲಿಕ್ಕೆ ರಸ್ತೆಯಲ್ಲಿ ನಿಲ್ಲುತ್ತಾಳೆ. ಮೊದಲ ದಿನ ಬಸ್ಸು ನಿಲ್ಲುವದಿಲ್ಲ. ಎರಡನೆಯ ದಿನವೂ ನಿಲ್ಲುವದಿಲ್ಲ. ಮೂರನೆಯ ದಿನ ಬಸ್ಸು ನಿಲ್ಲುತ್ತದೆ, ಹುಡುಗಿಯಿಲ್ಲ. ಹತ್ತಿಯ ಹೊಲದ ಬದುವಿನಲ್ಲಿ ಜಾಲಿಯ ಗಿಡಕ್ಕೆ ಅವಳ ಪಾಟಿಚೀಲವು ತೂಗುತ್ತಿರುತ್ತದೆ. ತಾಯಿ ಅದರೊಳಗಿಂದ ರೊಟ್ಟಿಯ ಗಂಟನ್ನು ತೆಗೆಯುತ್ತಾಳೆ. ಅಲ್ಲಿಗೆ ಚಿತ್ರ ಮುಗಿಯಿತು. ಮಾತುಗಳು ಗಾಳಿಯ ಸಪ್ಪಳದಲ್ಲಿ ಮುಳುಗಿದ್ದವು, ನೋಟವು ಅಲುಗುತ್ತಿತ್ತು, ಸಂಗೀತವೆಂಬದು ಇರಲೇ ಇಲ್ಲ. ನಾನು ಸಂಗೀತದ ಅಂಕಣದಲ್ಲಿ ಸೊನ್ನೆ ಬರೆದೆ, ಛಾಯಾಗ್ರಹಣಕ್ಕೆ ೬ ಬರೆದೆ. ಕೂಡಿಸಿದಾಗ ಮೊದಲಿನದಕ್ಕೆ ೭೮, ಇದಕ್ಕೆ ೪೧. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ರುಜು ಹಾಕಿ ಕೊಟ್ಟೆ.

ಬಹುಮಾನಗಳನ್ನು ಹಂಚಿದ ಬಳಿಕ ಆ ಹುಡುಗಿಯರಲ್ಲೊಬ್ಬಳು ಹತ್ತಿರ ಬಂದು, "ಸರ, ಗಾಳಿ ಸಪ್ಪಳ ಬಂದದ್ದಕ್ಕ ನಮ್ಮದು ಹೋತೇನ್ರಿ?" ಎಂದು ಕೇಳಿದಳು. "ಹೌದವ್ವಾ" ಎಂದು ಹೇಳಿ ಚಹದ ಕಡೆಗೆ ನಡೆದೆ. ಆದರೆ ಅಂದು ರಾತ್ರಿ ಹಾಸಿಗೆಯಲ್ಲಿ ನನ್ನ ಕಣ್ಣೆದುರಿಗೆ ಬಂದದ್ದು ೭೮ ಮಾರ್ಕಿನ ಚಿತ್ರದ ಒಂದು ನೋಟವೂ ಅಲ್ಲ. ಜಾಲಿಯ ಗಿಡಕ್ಕೆ ತೂಗುತ್ತಿದ್ದ ಆ ಚೀಲ. ಮಾತು ಕೇಳಿಸದಿದ್ದದ್ದು ದೋಷವೇ ಸರಿ. ಆದರೆ ಸಂಗೀತವಿಲ್ಲದಿದ್ದದ್ದು ದೋಷವೆಂದು ನನಗೆ ಹೇಳಿದವರು ಯಾರು? ಕೋಷ್ಟಕವು ಹೇಳಿತು. ಅಂಕಣವಿದೆಯಾದ್ದರಿಂದ ತುಂಬಬೇಕು, ವಸ್ತುವಿಲ್ಲವಾದ್ದರಿಂದ ಸೊನ್ನೆ. ಆ ಬಯಲಿನ ಗಾಳಿಯ ಮೇಲೆ ಪಿಟೀಲನ್ನು ಕೂಡ್ರಿಸಿದ್ದರೆ ಆ ಚಿತ್ರವು ಕೆಟ್ಟುಹೋಗುತ್ತಿತ್ತು, ಆದರೆ ಮಾರ್ಕು ಹೆಚ್ಚುತ್ತಿತ್ತು! ಚಿತ್ರವನ್ನು ಕೆಡಿಸಿದರೆ ಮಾರ್ಕು ಹೆಚ್ಚಾಗುವಂಥ ಅಳತೆಗೋಲನ್ನು ನಾವು ಏನೆಂದು ಕರೆಯೋಣ?

ಇದಕ್ಕೆ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಾನೇ ಮಂಡಿಸುವೆನು. "ಭರತಮುನಿಯೇ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಹತ್ತು ಬಗೆಯ ಪ್ರಾಶ್ನಿಕರನ್ನು ಹೇಳಿದ್ದಾನೆ. ಯಜ್ಞವನ್ನು ಬಲ್ಲವನು, ನರ್ತಕನು, ಛಂದಸ್ಸನ್ನು ಬಲ್ಲವನು, ವೈಯಾಕರಣನು, ರಾಜನು, ಧನುರ್ವಿದ್ಯೆಯವನು, ಚಿತ್ರಕಾರನು, ವೇಶ್ಯೆ, ಗಾಯಕನು, ರಾಜಸೇವಕನು, ಹೀಗೆ ಒಬ್ಬೊಬ್ಬರು ತಂತಮ್ಮ ವಿಷಯವನ್ನಷ್ಟೇ ಪರೀಕ್ಷಿಸತಕ್ಕದ್ದು. ಘಾತಗಳನ್ನು, ಎಂದರೆ ದೋಷಗಳನ್ನು, ಬರೆದಿಟ್ಟುಕೊಳ್ಳಬೇಕೆಂದೂ ಅಲ್ಲಿಯೇ ಇದೆ. ಇದು ಕೋಷ್ಟಕವಲ್ಲದೆ ಮತ್ತೇನು? ಎರಡು ಸಾವಿರ ವರ್ಷಗಳ ಹಿಂದೆ ಋಷಿಯು ಒಪ್ಪಿದ್ದನ್ನು ನಿವೃತ್ತ ಮಾಸ್ತರರು ಒಲ್ಲೆನೆನ್ನುವದೇಕೆ?"

ಆಕ್ಷೇಪವು ಬಲವಾದದ್ದು, ಆದರೆ ಆಕ್ಷೇಪಿಸುವವರು ಅಧ್ಯಾಯವನ್ನು ನಡುವಿನಿಂದ ಓದಿದ್ದಾರೆ, ಮೊದಲಿನಿಂದ ಓದಿಲ್ಲ. ಆ ಪ್ರಾಶ್ನಿಕರು ಬರುವದು ಪ್ರಯೋಗದ ವಿಷಯದಲ್ಲಿ ವಾದವು ಹುಟ್ಟಿದಾಗ, ಸ್ಪರ್ಧೆಯ ನಿರ್ಣಯಕ್ಕಾಗಿ. ಅದೇ ಅಧ್ಯಾಯದ ಆರಂಭದಲ್ಲಿ ಭರತನು ಪ್ರಯೋಗದ ಸಿದ್ಧಿಯನ್ನು ಮಾನುಷಿ, ದೈವಿಕಿ ಎಂದು ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ನಗು, ಭಲೆ ಎಂಬ ಉದ್ಗಾರ, ರೋಮಾಂಚ, ಎದ್ದು ನಿಲ್ಲುವದು, ಬಟ್ಟೆ ಉಂಗುರಗಳನ್ನು ಎಸೆಯುವದು, ಇವು ಮಾನುಷಿ ಸಿದ್ಧಿಯ ಕುರುಹುಗಳು. ಇವು ಒಂದೊಂದು ಹಾವಭಾವಕ್ಕೆ, ಒಂದೊಂದು ಮಾತಿಗೆ ಸಲ್ಲುವ ಸನ್ಮಾನಗಳು. ದೈವಿಕಿ ಸಿದ್ಧಿಯಾದರೋ ರಂಗವು ತುಂಬಿದ್ದೂ ಶಬ್ದವಿಲ್ಲದೆ, ಕ್ಷೋಭೆಯಿಲ್ಲದೆ ಇರುವದು. ಯಾವ ಅವಯವವನ್ನೂ ಪ್ರತ್ಯೇಕವಾಗಿ ಹೊಗಳಲು ಬಾಯಿ ಬಾರದ ಆ ಮೌನವನ್ನೇ ಮುನಿಯು ಮೇಲಿನ ಸಿದ್ಧಿಯೆಂದು ಎಣಿಸಿದನು. ಹತ್ತು ಮಂದಿ ಪ್ರಾಶ್ನಿಕರು ಸಾಕ್ಷಿಗಳು. ಸಾಕ್ಷಿಗಳ ಮಾತುಗಳನ್ನು ಕೂಡಿಸಿದರೆ ತೀರ್ಪಾಗದೆಂಬದನ್ನು ನವಲಗುಂದದ ಕೋರ್ಟಿನ ಕಟ್ಟೆಯ ಮೇಲೆ ಕುಳಿತವರೆಲ್ಲರೂ ಬಲ್ಲರು.

ನವಲಗುಂದದ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಅಲ್ಲಿಯ ಹೆಣ್ಣುಮಕ್ಕಳು ಮಗ್ಗದ ಮುಂದೆ ಕುಳಿತು ನೇಯುವ ಜಮಖಾನೆಗಳನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ನೈಯಾಯಿಕರು ಹೇಳುವ ತಂತು ಪಟಗಳ ದೃಷ್ಟಾಂತವು ನನಗೆ ಪಾಠಶಾಲೆಯಲ್ಲಿ ತಿಳಿಯಲಿಲ್ಲ. ಆ ಮಗ್ಗದ ಮುಂದೆ ತಿಳಿಯಿತು. ನೂಲುಗಳು ಅವಯವಗಳು, ಪಟವು ಅವಯವಿ. ಅವಯವಿಯು ಅವಯವಗಳಲ್ಲಿಯೇ ಇದ್ದರೂ ಅವುಗಳ ರಾಶಿಯಲ್ಲ. ಕೆಂಪು ನೂಲು ಇಷ್ಟು ಸೇರು, ಹಳದಿ ನೂಲು ಇಷ್ಟು ಸೇರು ಎಂದು ತೂಗಿ ಹೇಳಿದವನು ನೂಲಿನ ವ್ಯಾಪಾರಿ. ಜಮಖಾನೆಯ ಮೇಲೆ ನವಿಲು ಎದ್ದಿತೋ ಇಲ್ಲವೋ ಎಂಬದನ್ನು ಅವನು ಹೇಳಲಾರ. ಕುಂದಗೋಳದವರಿಗೆ ಸಂಗೀತದ ದೃಷ್ಟಾಂತವೇ ಹೆಚ್ಚು ಹಿಡಿಸೀತು. ಸವಾಯಿ ಗಂಧರ್ವರು ಪಾಠ ಹೇಳಿದ, ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತ ಊರು ಅದು. ಭೂಪ ರಾಗಕ್ಕೂ ದೇಸಕಾರ ರಾಗಕ್ಕೂ ಸ್ವರಗಳು ಅವೇ ಐದು: ಷಡ್ಜ, ರಿಷಭ, ಗಾಂಧಾರ, ಪಂಚಮ, ಧೈವತ. ಒಂದರಲ್ಲಿ ಗಾಂಧಾರಕ್ಕೆ ಒಡೆತನ, ಇನ್ನೊಂದರಲ್ಲಿ ಧೈವತಕ್ಕೆ. ಒಂದು ರಾತ್ರಿಯ ರಾಗ, ಇನ್ನೊಂದು ಮುಂಜಾವಿನದು. ಸ್ವರಗಳಿಗೆ ಮಾರ್ಕು ಹಾಕುವವನ ಕೋಷ್ಟಕದಲ್ಲಿ ಎರಡೂ ಒಂದೇ ಆಗುವವು. ಕಿವಿಯುಳ್ಳವನಿಗೆ ಎಂದಿಗೂ ಒಂದಾಗವು.

ಆದರೆ ದೃಷ್ಟಾಂತಗಳಿಂದ ಮಾತ್ರವೇ ಸಿದ್ಧಾಂತವು ನಿಲ್ಲಲಾರದು. ಬೋಲಪಟದ ಸ್ವಂತ ಸ್ವಭಾವದಿಂದಲೇ ಪ್ರಮಾಣವನ್ನು ತೋರಿಸಬೇಕು. ಸುಮಾರು ನೂರು ವರ್ಷಗಳ ಹಿಂದೆ ರಶಿಯಾ ದೇಶದ ಲೆವ್ ಕುಲೆಶೋವನೆಂಬ ನಿರ್ದೇಶಕನು ಮಾಡಿದ ಒಂದು ಪ್ರಯೋಗವು ಪ್ರಸಿದ್ಧವಾಗಿದೆ. ಮೊಝೂಖಿನ್ ಎಂಬ ನಟನ ಭಾವರಹಿತವಾದ ಮುಖದ ಒಂದೇ ಚಿತ್ರವನ್ನು ಅವನು ಮೂರು ಕಡೆ ಜೋಡಿಸಿದನು: ಒಮ್ಮೆ ಅಂಬಲಿಯ ಬಟ್ಟಲ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ, ಒಮ್ಮೆ ಸುಂದರಿಯೊಬ್ಬಳ ಪಕ್ಕದಲ್ಲಿ. ಪ್ರೇಕ್ಷಕರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ಶೋಕವನ್ನೂ ಮೂರನೆಯದರಲ್ಲಿ ಬಯಕೆಯನ್ನೂ ಕಂಡು ನಟನನ್ನು ಕೊಂಡಾಡಿದರಂತೆ. ಈಗ ನಮ್ಮ ತರುಣ ಮಿತ್ರರು ಹೇಳಲಿ: ಅಭಿನಯದ ಅಂಕಣದಲ್ಲಿ ಆ ನಟನಿಗೆ ಎಷ್ಟು ಮಾರ್ಕು? ಮುಖವು ಬದಲಾಗಲಿಲ್ಲ, ಬದಲಾದದ್ದು ಪಕ್ಕದ ಚಿತ್ರ. ಆ ಗುಣವು ಅಭಿನಯಕ್ಕೆ ಸಲ್ಲಬೇಕೋ, ಸಂಕಲನಕ್ಕೆ ಸಲ್ಲಬೇಕೋ? ಎರಡಕ್ಕೂ ಸಲ್ಲದು, ಎರಡರ ಸಂಬಂಧಕ್ಕೆ ಸಲ್ಲಬೇಕು. ಸಂಬಂಧಕ್ಕೆ ಕೋಷ್ಟಕದಲ್ಲಿ ಅಂಕಣವಿಲ್ಲ.

ಕೋಷ್ಟಕಪ್ರಿಯರು ಸರಕಾರದ ಪ್ರಶಸ್ತಿಗಳನ್ನು ಆಧಾರವಾಗಿ ಹಿಡಿಯುವದುಂಟು: "ಅಲ್ಲಿಯೂ ಛಾಯಾಗ್ರಹಣಕ್ಕೆ ಬೇರೆ, ನಟನೆಗೆ ಬೇರೆ ಬಹುಮಾನ ಕೊಡುತ್ತಾರಲ್ಲ!" ಕೊಡುತ್ತಾರೆ. ಆದರೆ ೧೯೭೭ರ ಸಾಲಿನ ರಾಷ್ಟ್ರಪ್ರಶಸ್ತಿಗಳ ಪಟ್ಟಿಯನ್ನು ತೆಗೆದು ನೋಡೋಣ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ದೊರೆತದ್ದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ಕ್ಕೆ. ಆದರೆ ಅತ್ಯುತ್ತಮ ನಿರ್ದೇಶನವು 'ಕಾಂಚನಸೀತಾ'ದ ಅರವಿಂದನ್ನರಿಗೆ ಹೋಯಿತು; ಅತ್ಯುತ್ತಮ ನಟನು 'ಕೊಡಿಯೇಟ್ಟಂ'ದ ಗೋಪಿ, ನಟಿಯು 'ಭೂಮಿಕಾ'ದ ಸ್ಮಿತಾ ಪಾಟೀಲ; ಚಿತ್ರಕಥೆಯ ಬಹುಮಾನವೂ 'ಭೂಮಿಕಾ'ಕ್ಕೆ, ಅದನ್ನು ಬರೆದವರಲ್ಲಿ ನಮ್ಮ ಧಾರವಾಡದ ಗಿರೀಶ ಕಾರ್ನಾಡರೂ ಒಬ್ಬರು. 'ಘಟಶ್ರಾದ್ಧ'ಕ್ಕೆ ಬಿಡಿಯಾಗಿ ಬಂದವು ಸಂಗೀತಕ್ಕಾಗಿ ಬಿ. ವಿ. ಕಾರಂತರಿಗೆ ಒಂದು, ಬಾಲನಟ ಅಜಿತಕುಮಾರನಿಗೆ ಒಂದು. ನಿರ್ದೇಶನ, ನಟನೆ, ಚಿತ್ರಕಥೆಗಳೆಂಬ ಹಿರಿಯ ಅಂಕಣಗಳಲ್ಲಿ ಮೊದಲನೆಯದಲ್ಲದ ಚಿತ್ರವು ಒಟ್ಟಿನಲ್ಲಿ ಮೊದಲನೆಯದೆಂದು ಅದೇ ಮಂಡಲಿಯು ತೀರ್ಮಾನಿಸಿತು. ಇದು ಲೆಕ್ಕದ ತಪ್ಪಲ್ಲ. ಒಟ್ಟು ಎಂಬದು ಬೇರೆಯೇ ಒಂದು ವಸ್ತುವೆಂಬದನ್ನು ಅವರು ಒಪ್ಪಿದ ಗುರುತು.

'ಘಟಶ್ರಾದ್ಧ'ದ ಹೆಸರು ತೆಗೆದ ಮೇಲೆ ನನ್ನ ಹಳೆಯದೊಂದು ಲಜ್ಜೆಯನ್ನೂ ಬಚ್ಚಿಡಬಾರದು. ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಆ ಚಿತ್ರವು ವೇದಪಾಠಶಾಲೆಯೊಂದರಲ್ಲಿ ನಡೆಯುತ್ತದೆ. ಅದು ಹುಬ್ಬಳ್ಳಿಗೆ ಬಂದಾಗ ನಾನು ಸ್ವತಃ ಪಾಠಶಾಲೆಯ ವಿದ್ಯಾರ್ಥಿ. ವಯಸ್ಸು ಇಪ್ಪತ್ತರ ಸುಮಾರು. ನಾಲ್ವರು ಸಹಪಾಠಿಗಳು ಕೂಡಿ ಗುರುಗಳ ಅಪ್ಪಣೆ ಪಡೆದು ಹೋದೆವು. ನಮ್ಮ ಲೋಕವನ್ನೇ ತೆರೆಯ ಮೇಲೆ ತಂದಿದ್ದಾರೆಂದ ಮೇಲೆ ಕೇಳಬೇಕೆ? ಮಂತ್ರದ ಸ್ವರ, ಪಂಚೆಯ ಕಚ್ಚೆ, ದರ್ಭೆಯನ್ನು ಹಿಡಿದ ಕೈ, ಇವುಗಳನ್ನೇ ಎಣಿಸುತ್ತ ಕುಳಿತೆವು. ನಾವು ಹಿಡಿದವುಗಳಲ್ಲಿ ನಿಜವಾದ ತಪ್ಪುಗಳೆಷ್ಟು, ಪ್ರಾಂತಭೇದದಿಂದ ಬಂದ ಪದ್ಧತಿಗಳೆಷ್ಟು ಎಂಬ ವಿವೇಕವೂ ನಮಗಿರಲಿಲ್ಲ. ಮರುದಿನ ಗುರುಗಳ ಮುಂದೆ ಪಟ್ಟಿಯನ್ನು ಒಪ್ಪಿಸಿದೆವು. ಅವರು ಬೋಲಪಟ ನೋಡುವವರಲ್ಲ. ಸಾವಧಾನವಾಗಿ ಎಲ್ಲವನ್ನೂ ಕೇಳಿ, ಕಥೆಯೇನೆಂದು ವಿಚಾರಿಸಿದರು. ಹೇಳಿದೆವು: ಉಡುಪರ ಮಗಳು ಯಮುನೆ, ಎಳೆವಯಸ್ಸಿನ ವಿಧವೆ, ಊರಿನ ಶಾಲಾಮಾಸ್ತರನ ಸಂಗದಿಂದ ಗರ್ಭಿಣಿಯಾಗುತ್ತಾಳೆ, ತಂದೆಯು ಬದುಕಿರುವ ಮಗಳಿಗೆ ಘಟಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾನೆ. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹೆಣ್ಣುಮಗಳು ಕಡೀಕ ಎಲ್ಲಿ ಹೋದಳೋ?" ಎಂದರು. "ಚಿತ್ರದಾಗ ಅದನ್ನ ಹೇಳಿಲ್ಲ, ಗುರುಗಳ" ಎಂದೆ. "ಅವರು ಹೇಳಲಿಲ್ಲ ಸರಿ. ನಿಮಗ ಕೇಳಬೇಕಂತ ಸುದ್ದಾ ಅನಸಲಿಲ್ಲೇನು?" ಎಂದರು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕುಳಿತ ಯಮುನೆಯನ್ನು ನಾವು ನಾಲ್ವರೂ ನೋಡಿದ್ದೆವು, ನೋಡಿದರೂ ಕಂಡಿರಲಿಲ್ಲ. ನಮ್ಮ ಕಣ್ಣುಗಳು ದರ್ಭೆಯ ಮೇಲಿದ್ದವು. ಚಿತ್ರವನ್ನು ನೋಡದ ಗುರುಗಳು ಚಿತ್ರದ ತಾತ್ಪರ್ಯವನ್ನು ಹಿಡಿದರು. ನೋಡಿ ಬಂದ ನಾವು ಹಿಡಿಯಲಿಲ್ಲ. ಅವಯವಗಳನ್ನು ಎಣಿಸುವ ಅಭ್ಯಾಸವು ಬರಿಯ ರಸಿಕತೆಯ ದೋಷವಾಗಿ ಉಳಿಯುವದಿಲ್ಲ, ಮನುಷ್ಯನನ್ನು ಕಾಣುವ ಕಣ್ಣನ್ನೇ ಮಂಕುಗೊಳಿಸುತ್ತದೆ ಎಂದು ನಾನು ಹೇಳುವದು ಈ ಅನುಭವದಿಂದ.

ಹಾಗಾದರೆ ಅವಯವಿಯನ್ನು ಕಾಣುವದು ಹೇಗೆ? "ಒಟ್ಟಿನಲ್ಲಿ ನನ್ನ ಮನಸ್ಸಿಗೆ ಹಿಡಿಸಿತು" ಎಂದರೆ ಸಾಕೇ? ಸಾಲದು. ಹಾಗೆನ್ನುವವರೂ ಕೋಷ್ಟಕದವರಷ್ಟೇ ಅಪಾಯಕಾರಿಗಳು. ಒಬ್ಬರು ವಿಚಾರವಿಲ್ಲದೆ ಎಣಿಸುವರು, ಇನ್ನೊಬ್ಬರು ವಿಚಾರವಿಲ್ಲದೆ ಮೆಚ್ಚುವರು. ಒಟ್ಟನ್ನು ನಿರ್ಣಯಿಸುವದಕ್ಕೂ ನಮ್ಮಲ್ಲಿ ಶಾಸ್ತ್ರವುಂಟು. ದೊಡ್ಡದೊಂದು ಗ್ರಂಥದ ತಾತ್ಪರ್ಯವು ಯಾವುದೆಂದು ತಿಳಿಯಲು ಮೀಮಾಂಸಕರೂ ವೇದಾಂತಿಗಳೂ ಆರು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿದ್ದಾರೆ: ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಇವು ಬಿಡಿವಾಕ್ಯಗಳಿಗೆ ಮಾರ್ಕು ಹಾಕುವ ಸಾಧನಗಳಲ್ಲ; ಎಲ್ಲ ವಾಕ್ಯಗಳೂ ಕೂಡಿ ಯಾವ ಕಡೆಗೆ ಮುಖ ಮಾಡಿವೆ ಎಂಬದನ್ನು ತೋರಿಸುವ ಸಾಧನಗಳು. ಇವನ್ನು ಬೋಲಪಟಕ್ಕೆ ಹಚ್ಚಿ ನೋಡಬಾರದೇಕೆ?

'ಘಟಶ್ರಾದ್ಧ'ಕ್ಕೇ ಹಚ್ಚೋಣ. ಉಪಕ್ರಮದಲ್ಲಿ ನಾಣಿಯೆಂಬ ಬಾಲಕನು ಪಾಠಶಾಲೆಗೆ ಬರುತ್ತಾನೆ. ಉಪಸಂಹಾರದಲ್ಲಿ ಅದನ್ನು ಬಿಟ್ಟು ಹೋಗುತ್ತಾನೆ. ವೇದವನ್ನು ಕಲಿಯಲು ಬಂದವನು ಏನನ್ನು ಕಲಿತು ಹೋದ ಎಂಬ ಪ್ರಶ್ನೆಯು ಈ ಎರಡು ತುದಿಗಳ ನಡುವೆ ತೂಗುತ್ತದೆ. ಅಭ್ಯಾಸವೆಂದರೆ ಮರಳಿ ಮರಳಿ ಬರುವದು: ಬಹುಮಟ್ಟಿಗೆ ನಾವು ನಾಣಿಯ ಕಣ್ಣುಗಳಿಂದಲೇ ನೋಡುತ್ತೇವೆ, ದೊಡ್ಡವರ ಪಾಪಪುಣ್ಯಗಳ ಲೆಕ್ಕವು ತಿಳಿಯದ, ಯಮುನಕ್ಕನ ಅಕ್ಕರೆಯು ಮಾತ್ರ ತಿಳಿದ ಕಣ್ಣುಗಳು ಅವು. ಅಪೂರ್ವತೆಯು ಹೆಸರಿನಲ್ಲಿಯೇ ಇದೆ: ಸತ್ತವರಿಗೆ ಸಲ್ಲುವ ಕರ್ಮವು ಬದುಕಿದವಳಿಗೆ ನಡೆಯುವದು. ಅರ್ಥವಾದವೆಂದರೆ ಸ್ತುತಿನಿಂದೆಗಳು: ಚಿತ್ರವು ಉಪದೇಶದಿಂದ ಯಾರನ್ನೂ ಹಳಿಯುವದಿಲ್ಲ, ಮಗಳನ್ನು ಹೊರಗೆ ಹಾಕಿದ ವೃದ್ಧ ತಂದೆಯು ಎಳೆಯ ಹುಡುಗಿಯೊಡನೆ ಹೊಸ ಮದುವೆಗೆ ಸಿದ್ಧನಾಗುವ ಸುದ್ದಿಯನ್ನು ಆ ಬಹಿಷ್ಕಾರದ ಪಕ್ಕದಲ್ಲಿ ಇಟ್ಟುಬಿಡುತ್ತದೆ, ಕುಲೆಶೋವನು ಬಟ್ಟಲನ್ನು ಮುಖದ ಪಕ್ಕದಲ್ಲಿ ಇಟ್ಟಂತೆ. ಉಪಪತ್ತಿಯೆಂದರೆ ಯುಕ್ತಿಗೆ ಕೂಡಿಬರುವದು: ತಂದೆಯು ಊರಲ್ಲಿಲ್ಲದ ದಿನಗಳು, ಹಿರಿಯ ವಿದ್ಯಾರ್ಥಿಗಳ ಉಪದ್ರವ, ಅಗ್ರಹಾರದ ಪಿಸುಮಾತು, ಇವು ಒಂದನ್ನೊಂದು ತಳ್ಳುತ್ತ ಅನರ್ಥದ ವರೆಗೆ ಒಯ್ಯುತ್ತವೆ, ಎಲ್ಲಿಯೂ ದೈವವು ಹಠಾತ್ತಾಗಿ ಬಂದು ಕಥೆಯನ್ನು ಎತ್ತಿಕೊಂಡು ಹೋಗುವದಿಲ್ಲ. ಇನ್ನು ಫಲವು: ಹೊರಗೆ ಬಂದವನ ಎದೆಯಲ್ಲಿ ಉಳಿಯುವ ಲಜ್ಜೆ. ನನಗೆ ಅದು ಒಂದು ದಿನ ತಡವಾಗಿ, ಗುರುಗಳ ಬಾಯಿಂದ ಬಂತು.

ಇಷ್ಟಾದ ಮೇಲೆ ಅವಯವಗಳನ್ನು ಕೇಳೋಣ. ಎಸ್. ರಾಮಚಂದ್ರರ ಛಾಯಾಗ್ರಹಣವು ಕಪ್ಪುಬಿಳುಪಿನದು. ಬಣ್ಣದ ಅಂಕಣದಲ್ಲಿ ಸೊನ್ನೆ! ಆದರೆ ತಾತ್ಪರ್ಯವನ್ನು ತಿಳಿದವನಿಗೆ ಆ ಕಪ್ಪುಬಿಳುಪು ಬಡತನವಲ್ಲ, ಒಪ್ಪಿಗೆ. ಕಾರಂತರ ಸಂಗೀತದಲ್ಲಿ ಗುನುಗುತ್ತ ಮನೆಗೆ ಒಯ್ಯುವಂಥ ಹಾಡಿಲ್ಲ. ಇದ್ದಿದ್ದರೆ ಅದೇ ದೋಷವಾಗುತ್ತಿತ್ತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೆಂದು ಕರೆದದ್ದು ಇದನ್ನೇ. ಡಾಬನ್ನು ಕೊರಳಿಗೂ ಹಾರವನ್ನು ಸೊಂಟ��್ಕೂ ಹಾಕಿಕೊಂಡರೆ ಎರಡೂ ಅಚ್ಚ ಬಂಗಾರದವಾದರೂ ನಗೆಗೀಡಾಗುವದು ತಪ್ಪದಷ್ಟೆ! ಇಂದಿನ ಕೋಟಿಗಟ್ಟಲೆ ಖರ್ಚಿನ ಎಷ್ಟೋ ಚಿತ್ರಗಳ ಗತಿಯು ಇದೇ ಆಗಿದೆ: ನಟನು ಬಂಗಾರ, ನೋಟವು ಬಂಗಾರ, ಕಾಳಗವು ಬಂಗಾರ, ಎಲ್ಲವನ್ನೂ ಹೇರಿಕೊಂಡು ನಿಂತ ದೇಹ ಮಾತ್ರ ಎಲ್ಲಿಯೂ ಕಾಣಿಸದು. ೨೦೨೪ರಲ್ಲಿ ವೆನಿಸ್ ನಗರದ ಚಲನಚಿತ್ರೋತ್ಸವದಲ್ಲಿ 'ಘಟಶ್ರಾದ್ಧ'ದ ಜೀರ್ಣೋದ್ಧಾರಗೊಂಡ ಪ್ರತಿಯನ್ನು ತೋರಿಸಿದರು. ನಲವತ್ತೇಳು ವರ್ಷಗಳ ಬಳಿಕ ಪರದೇಶದವರು ಸ್ವರದ ತಪ್ಪು ಹಿಡಿಯಲು ಬಂದಿರಲಿಕ್ಕಿಲ್ಲ.

"ಇದೆಲ್ಲವೂ ವಿದ್ವಾಂಸರ ಚಿತ್ರಗಳಿಗೆ ಸರಿ; ಜನರು ಮುಗಿಬಿದ್ದು ನೋಡುವ ಚಿತ್ರಗಳಿಗೆ ಈ ಅಳತೆಯು ಹತ್ತದು" ಎಂದು ಕೆಲವರು ಅಂದಾರು. ಹತ್ತುತ್ತದೆ. ೧೯೭೨ರಲ್ಲಿ ಬಂದ, ಟಿ. ಕೆ. ರಾಮರಾಯರ ಕಾದಂಬರಿಯನ್ನಾಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ 'ಬಂಗಾರದ ಮನುಷ್ಯ'ವನ್ನು ನಮ್ಮ ತಲೆಮಾರಿನ ಒಕ್ಕಲುಮಕ್ಕಳಲ್ಲಿ ನೋಡದವರು ವಿರಳ. ಬೆಂಗಳೂರಿನಲ್ಲಿ ಅದು ವರ್ಷಕ್ಕೂ ಮಿಕ್ಕಿ ಓಡಿತೆಂಬದನ್ನು ಅದರ ಶ್ರೇಷ್ಠತೆಗೆ ಪ್ರಮಾಣವಾಗಿ ಹೇಳುವರು. ದಿನಗಳ ಎಣಿಕೆಯೂ ಒಂದು ಕೋಷ್ಟಕವೇ. ಅದನ್ನು ನಾನು ಒಪ್ಪಲಾರೆ. ಆದರೆ ಉಪಕ್ರಮೋಪಸಂಹಾರವನ್ನು ನೋಡಿರಿ: ರಾಜೀವನು ತಬ್ಬಲಿಗಳಾದ ಅಕ್ಕನ ಮಕ್ಕಳಿಗಾಗಿ ಹಳ್ಳಿಗೆ ಬರುತ್ತಾನೆ; ಬರಡು ನೆಲವನ್ನು ಹಸನು ಮಾಡಿ, ತಾನು ಸಾಕಿದವರಿಂದಲೇ ನೋಯಿಸಿಕೊಂಡು, ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಬರುವಾಗ ಏನನ್ನೂ ಬೇಡದವನು ಹೋಗುವಾಗಲೂ ಏನನ್ನೂ ಒಯ್ಯುವದಿಲ್ಲ. ನಡುವಿನ ಹಾಡು, ಹಾಸ್ಯ, ಪ್ರೇಮಗಳೆಲ್ಲವೂ ಈ ತ್ಯಾಗದ ಕಡೆಗೆ ಮುಖ ಮಾಡಿ ನಿಂತಿವೆ. ಕೆಲವು ಹಾಸ್ಯಪ್ರಸಂಗಗಳು ಅತಿಯಾದವೆಂದು ನನಗೆ ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ. ಆದರೆ ಅವು ಅವಯವಿಯನ್ನು ಮುರಿಯುವಷ್ಟು ದೊಡ್ಡವಲ್ಲ. ದೋಷವನ್ನು ಎಣಿಸುವದಕ್ಕಿಂತ ಅದು ಎಲ್ಲಿ ತಾಗಿತು ಎಂದು ನೋಡುವದು ಮುಖ್ಯ. ಬೆರಳಿಗೆ ತಾಗಿದ ಮುಳ್ಳೂ ಎದೆಗೆ ತಾಗಿದ ಮುಳ್ಳೂ ಲೆಕ್ಕಕ್ಕೆ ಒಂದೊಂದೇ ಮುಳ್ಳು.

ನಮ್ಮ ಮನೆಯಂಗಳದ್ದೇ ಒಂದು ಉದಾಹರಣೆಯನ್ನು ಹೇಳದೆ ಹೋದರೆ ಪರೀಕ್ಷಣವು ಸುಲಭವಾದ ಕಡೆಗೇ ವಾಲಿತೆಂಬ ಅಪವಾದ ಬಂದೀತು. ೧೯೯೦ರಲ್ಲಿ ಟಿ. ಎಸ್. ನಾಗಾಭರಣರು 'ಸಂತ ಶಿಶುನಾಳ ಶರೀಫ'ವನ್ನು ತೆರೆಗೆ ತಂದರು. ಶರೀಫರ ಗುರುಗಳಾದ ಗೋವಿಂದಭಟ್ಟರು ನಮ್ಮ ಕುಂದಗೋಳ ತಾಲೂಕಿನ ಕಳಸದವರು; ಚಿತ್ರದಲ್ಲಿ ಆ ಪಾತ್ರವನ್ನು ಕಾರ್ನಾಡರೂ ಶರೀಫರ ಪಾತ್ರವನ್ನು ಶ್ರೀಧರರೂ ವಹಿಸಿದರು; ಸಂಗೀತವು ಸಿ. ಅಶ್ವತ್ಥರದು. ರಾಷ್ಟ್ರೀಯ ಐಕ್ಯಕ್ಕಾಗಿ ಮೀಸಲಾದ ರಾಷ್ಟ್ರಪ್ರಶಸ್ತಿಯು ಅದಕ್ಕೆ ಸಂದಿತು. ಈ ಭಾಗದಲ್ಲಿ ಆ ಚಿತ್ರವನ್ನು ಯಾರು ಹೊಗಳಿದರೂ ಮೊದಲ ಮಾತು ಒಂದೇ: "ಏನು ಪದಗಳು!" ಪದಗಳು ದಿಟವಾಗಿ ದೊಡ್ಡವು. ಆದರೆ ಶರೀಫರು ತೀರಿಕೊಂಡದ್ದು ೧೮೮೯ರಲ್ಲಿ. ಬೋಲಪಟಕ್ಕಿಂತ ನೂರು ವರ್ಷ ಮೊದಲಿನಿಂದ ಆ ಪದಗಳು ನಮ್ಮ ಭಜನೆಯ ಮೇಳಗಳಲ್ಲಿ ಏಕತಾರಿಯೊಡನೆ ಬದುಕಿದ್ದವು. ಅವು ಚಿತ್ರದ ಸ್ವಂತ ಗಳಿಕೆಯಲ್ಲ, ಪಿತ್ರಾರ್ಜಿತ. ಪಿತ್ರಾರ್ಜಿತದ ಮೇಲೆ ಯಾರನ್ನಾದರೂ ಸಾಹುಕಾರನೆಂದು ಕರೆಯಬಹುದು, ಸಮರ್ಥನೆಂದು ಕರೆಯಲಾಗದು. ಆ ಚಿತ್ರದ ಪರೀಕ್ಷಕನು ಕೇಳಬೇಕಾದದ್ದು ಬೇರೆ: ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು, ಇವರ ಸಂಬಂಧದೊಳಗಿಂದ ಆ ಪದವು ಹುಟ್ಟಿಬಂದಂತೆ ತೋರಿತೇ, ಅಥವಾ ಪದವನ್ನು ಕೇಳಿಸುವದಕ್ಕಾಗಿ ಪ್ರಸಂಗವನ್ನು ಕಟ್ಟಿದಂತೆ ತೋರಿತೇ? ಗುರುಶಿಷ್ಯರು ಎದುರುಬದುರಾಗಿ ಬರುವ ಪ್ರಸಂಗಗಳಲ್ಲಿ ಮೊದಲಿನದು ನಿಜವೆಂದು ನನ್ನ ಅಭಿಪ್ರಾಯ. ಪ್ರಸಂಗವು ತೆಳ್ಳಗಾಗಿ ಹಾಡು ಬಂದು ಅದರ ಜಾಗವನ್ನು ತುಂಬುವ ಕೆಲವು ಕಡೆಗಳಲ್ಲಿ ಎರಡನೆಯದು. ಒಟ್ಟಿನಲ್ಲಿ ಗುರುಶಿಷ್ಯಭಾವವೇ ಅಂಗಿಯಾಗಿ ನಿಂತದ್ದರಿಂದ ಚಿತ್ರವು ಗೆದ್ದಿದೆ ಎಂದು ನಾನು ಎಣಿಸುತ್ತೇನೆ. ಭಿನ್ನಾಭಿಪ್ರಾಯವಿದ್ದವರು ವಾದಿಸಲಿ, ಆದರೆ ಈ ಪ್ರಶ್ನೆಯ ಮೇಲೆ ವಾದಿಸಲಿ. ಸಂಗೀತಕ್ಕೆ ೨೦ಕ್ಕೆ ೨೦ ಎಂದು ಬರೆದರೆ ವಾದಕ್ಕೆ ಉಳಿಯುವದಾದರೂ ಏನು?

ಕೊನೆಯದಾಗಿ, ಪಕ್ಷಪಾತವನ್ನು ತಡೆಯಲು ಮಾರ್ಕುಗಳೇ ಬೇಕೆಂಬ ಮಾತು. ಶಾಲೆಯಲ್ಲಿ ನಾನೂ ಹಾಗೆಯೇ ನಂಬಿದ್ದೆ. ನಿಬಂಧಕ್ಕೆ ಅಕ್ಷರಕ್ಕಿಷ್ಟು, ಶುದ್ಧಿಗಿಷ್ಟು, ವಿಷಯಕ್ಕಿಷ್ಟು ಎಂದು ಹಂಚುತ್ತಿದ್ದೆ. ಆದರೆ ಮಾರ್ಕು ಪಕ್ಷಪಾತವನ್ನು ತಡೆಯುವದಿಲ್ಲ, ಮರೆಸುತ್ತದೆ. ಯಾವ ಅಂಕಣಗಳು ಇರಬೇಕು, ಯಾವುದಕ್ಕೆ ಎಷ್ಟು ಎಂಬದನ್ನು ಗೊತ್ತುಪಡಿಸಿದಾಗಲೇ ಪಕ್ಷಪಾತವು ನಡೆದುಹೋಗಿರುತ್ತದೆ. ಒಳ್ಳೆಯ ಯಂತ್ರ, ಒಳ್ಳೆಯ ಧ್ವನಿ, ಬಾಡಿಗೆಯ ವಾದ್ಯ ಇವು ಯಾರ ಕೈಗೆ ನಿಲುಕುವವೋ ಅವರ ಪಕ್ಷಕ್ಕೆ ಕೋಷ್ಟಕವು ಮೊದಲೇ ವಾಲಿದೆ. ಬೆಣ್ಣಿಹಳ್ಳದ ದಂಡೆಯ ಹುಡುಗಿಯರಿಗೆ ದುಡ್ಡು ಕೊಟ್ಟು ಪಡೆಯಬಹುದಾದ ಗುಣಗಳೆಲ್ಲವೂ ಇರಲಿಲ್ಲ. ದುಡ್ಡಿಗೆ ಸಿಗದ ಒಂದು ಇತ್ತು, ಅದಕ್ಕೆ ಅಂಕಣವಿರಲಿಲ್ಲ. ಪಕ್ಷಪಾತಕ್ಕೆ ನಿಜವಾದ ಮದ್ದು ಕಾರಣವನ್ನು ಬರೆದು ಕೆಳಗೆ ಹೆಸರು ಹಾಕುವದು. ಕಾರಣವನ್ನು ಖಂಡಿಸಬಹುದು, ೪೧ನ್ನು ಖಂಡಿಸುವದು ಹೇಗೆ?

ಆದಕಾರಣ ಸಂಘದ ಮುಂದೆ ನನ್ನ ವಿಜ್ಞಾಪನೆಯು ಇಷ್ಟು. ಪರೀಕ್ಷಣವು ಬರಲಿ, ಕೋಷ್ಟಕವು ಬೇಡ. ಪರೀಕ್ಷಕನು ಮೊದಲು ಚಿತ್ರದ ಮೊದಲನ್ನೂ ಕೊನೆಯನ್ನೂ ಎದುರುಬದುರಾಗಿಟ್ಟು ಅದರ ತಾತ್ಪರ್ಯವನ್ನು ತನ್ನ ಮಾತಿನಲ್ಲಿ ಎರಡು ಮೂರು ಸಾಲಿನಲ್ಲಿ ಬರೆಯಲಿ. ಬರೆಯಲು ಬಾರದಿದ್ದರೆ ಚಿತ್ರಕ್ಕೆ ತಾತ್ಪರ್ಯವಿಲ್ಲವೋ, ತನಗೆ ತಿಳಿಯಲಿಲ್ಲವೋ ಎಂಬದನ್ನು ಪ್ರಾಮಾಣಿಕವಾಗಿ ಹೇಳಲಿ. ಆ ಮೇಲೆ ನಟನೆ, ನೋಟ, ಹಾಡು ಮಾತುಗಳನ್ನು ಒಂದೊಂದಾಗಿ ಕರೆದು, "ನೀನು ಯಾರ ಸೇವೆಗೆ ನಿಂತೆ?" ಎಂದು ಕೇಳಲಿ. ಅವಯವಗಳ ಜ್ಞಾನವು ಬೇಡವೆಂದು ನಾನು ಹೇಳುವದಿಲ್ಲ. ನೂಲನ್ನು ಅರಿಯದವನು ಜಮಖಾನೆಯನ್ನೂ ಅರಿಯಲಾರ. ಸಾಕ್ಷಿಗಳ ಹೇಳಿಕೆಯು ಸರಿಯಾಗಿ ಆಗಲಿ; ತೀರ್ಪನ್ನು ಮಾತ್ರ ಸಾಕ್ಷಿಗಳ ಕೈಗೆ ಕೊಡುವದು ಬೇಡ.

ಈ ಬಗೆಯ ಮೊದಲ ಪರೀಕ್ಷಣವನ್ನು ನಾನೇ ಬರೆದು ಕೊಡಲು ಸಿದ್ಧನಿದ್ದೇನೆ. ಅದು ಹೆಸರಾಂತ ಬೋಲಪಟದ್ದಲ್ಲ. ನಾನು ೪೧ ಎಂದು ಬರೆದು ರುಜು ಹಾಕಿದ ಆ ಹತ್ತು ನಿಮಿಷಗಳ ಚಿತ್ರದ್ದು. ಹುಡುಗಿಯರು ಒಪ್ಪಿದರೆ ಇನ್ನೊಮ್ಮೆ ನೋಡಿ, ಅಂಕಣವಿಲ್ಲದೆ ಬರೆಯುವೆನು. ಗಾಳಿಯ ಸಪ್ಪಳದಿಂದ ಎಲ್ಲಿ ಕೆಟ್ಟಿದೆ, ಎಲ್ಲಿ ಕೆಟ್ಟಿಲ್ಲ ಎಂಬದನ್ನೂ ಬರೆಯುವೆನು. ಅವಳಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗಲಾದರೂ ಕೊಟ್ಟಂತಾಗಲಿ. ಅಲಮತಿವಿಸ್ತರೇಣ.